ಮರಳು, ಹಲಗೆ, ಬಳಪ: ಅಕ್ಷರಕ್ಕೆ ಮುನ್ನ ಬೆರಳಿನ ಶಿಕ್ಷಣ

ಹಸ್ತಪ್ರತಿಗಳನ್ನು ಪರಿಶೀಲಿಸುವ ನಾವು ಲಿಪಿಕಾರನ ಕಾಲ, ಪಾಠಾಂತರ, ಸ್ಖಾಲಿತ್ಯಗಳನ್ನು ಕುರಿತು ವಿಸ್ತಾರವಾಗಿ ಚರ್ಚಿಸುತ್ತ ಬಂದಿದ್ದೇವೆ. ಆದರೆ ಆ ಕೈ ಬರೆಯುವುದಕ್ಕೆ ಹೇಗೆ ಪಳಗಿತೆಂಬ ಪ್ರಶ್ನೆಯನ್ನು ಅಷ್ಟಾಗಿ ಎತ್ತಿಕೊಂಡಿಲ್ಲ. ಎಳೆಯ ಮಗುವಿನ ಬೆರಳುಗಳ ಸೂಕ್ಷ್ಮ ಚಲನೆಯನ್ನು ಬರಹಕ್ಕೆ ಅಣಿಗೊಳಿಸುವುದು ಇಂದಿನ ಶಿಶುಶಿಕ್ಷಣದ ಮುಖ್ಯ ವಿಷಯಗಳಲ್ಲೊಂದು. ಇದಕ್ಕೆ ಕನ್ನಡ ನಾಡಿನಲ್ಲಿ ದೀರ್ಘವಾದ ಪೂರ್ವೇತಿಹಾಸವಿದೆ.

1623ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ಇಕ್ಕೇರಿಗೆ ಹೋಗುವ ದಾರಿಯಲ್ಲಿ, ದೇವಾಲಯವೊಂದರ ಮೊಗಸಾಲೆಯಲ್ಲಿ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ನೆಲದ ಮೇಲೆ ನಯವಾದ ಮರಳು. ಒಬ್ಬನು ರಾಗವಾಗಿ ಹೇಳುವನು, ಹೇಳುತ್ತಲೇ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹೇಳಿ ಬರೆಯುವರು. ನೆಲ ತುಂಬಿದಾಗ ಕೈಯಿಂದ ಅಳಿಸಿ, ಬೇಕಾದರೆ ಹೊಸ ಮರಳನ್ನು ಹರಡುವರು.

ಇನ್ನೂರು ವರ್ಷಗಳ ಬಳಿಕ ಇದೇ ಕ್ರಮಕ್ಕೆ ಮತ್ತೊಂದು ಸಾಕ್ಷ್ಯ ದೊರೆಯುತ್ತದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆರಂಭಿಸಿದ ಶಾಲಾ ಸಮೀಕ್ಷೆಗೆ ಉತ್ತರವಾಗಿ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಬರೆದ ವರದಿ ಅದು. ಅದರಂತೆ ಮಗು ಅಕ್ಷರವನ್ನು ಮೊದಲು ಕಲಿಯುತ್ತಿದ್ದುದು ಮರಳಿನ ಮೇಲೆ ಬೆರಳಿನಿಂದ. ಅದರಲ್ಲಿ ಸಾಕಷ್ಟು ನುರಿತ ಬಳಿಕವೇ ಓಲೆಯ ಮೇಲೆ ಕಬ್ಬಿಣದ ಕಂಠದಿಂದಲೋ, ಕಾಗದದ ಮೇಲೆ ಲೆಕ್ಕಣಿಕೆಯಿಂದಲೋ, ಹಲಗೆ ಅಥವಾ ಕಡತದ ಮೇಲೆ ಬಳಪದಿಂದಲೋ ಬರೆಯುವ ಅವಕಾಶ. ಆ ಜಿಲ್ಲೆಯಲ್ಲಿ ಹಲಗೆ, ಕಡತಗಳೇ ಹೆಚ್ಚು ಬಳಕೆಯಲ್ಲಿದ್ದವು. ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿಯನ್ನು ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಮಡಿಸಿ, ಇದ್ದಿಲು ಮತ್ತು ಅಂಟುಗಳನ್ನು ಲೇಪಿಸಿದ ಬಟ್ಟೆ. ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಬಹುದಾಗಿತ್ತು.

ಈ ಕ್ರಮದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಅಕ್ಷರದ ಆಕಾರ ಕೈಗೆ ಬರುವವರೆಗೆ ಉಪಕರಣದ ಹಿಡಿತದ ಭಾರವಿಲ್ಲ. ಮರಳಿನಲ್ಲಿ ದೊಡ್ಡದಾಗಿ ಬರೆಯುವಾಗ ತೋಳು, ಮಣಿಕಟ್ಟು, ಬೆರಳು ಒಟ್ಟಿಗೆ ಚಲಿಸುತ್ತವೆ. ಬಳಪವನ್ನು ಬೆರಳ ತುದಿಯಲ್ಲಿ ಹಿಡಿಯುವುದು ಅನಂತರದ ಮಾತು. ಎರಡನೆಯದಾಗಿ, ಮರಳೂ ಹಲಗೆಯೂ ತಪ್ಪನ್ನು ಉಳಿಸಿಕೊಳ್ಳುವುದಿಲ್ಲ. ಎಡಗೈಯಲ್ಲಿ ಓಲೆಯನ್ನು ಹಿಡಿದು, ಎಡ ಹೆಬ್ಬೆರಳಿನ ಆಸರೆಯಲ್ಲಿ ಕಂಠವನ್ನು ನಡೆಸುವ ಲಿಪಿಕಾರನಿಗೆ ಆ ಸೌಲಭ್ಯವಿರಲಿಲ್ಲ. ಅಲ್ಲಿ ಕೊರೆದದ್ದು ಕೊರೆದಂತೆಯೇ.

ಈ ಮರಳಿನ ಪದ್ಧತಿ ಕನ್ನಡ ನಾಡಿಗೆ ಸೀಮಿತವಾಗಿರಲಿಲ್ಲ. ಮದರಾಸಿನ ಬಾಲಕರ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಅಲ್ಲಿನ ದೇಶೀಯ ಶಾಲೆಯಲ್ಲಿ ಇದನ್ನು ಕಂಡು ತನ್ನ ಸಂಸ್ಥೆಯಲ್ಲಿ ಅಳವಡಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೂ ಮರಳು ತಲಪಿತು.

ಹಾಗೆಂದು ಆ ಶಾಲೆಗಳನ್ನು ಆದರ್ಶವೆಂದು ಎತ್ತಿಹಿಡಿಯುವುದು ನಮ್ಮ ಉದ್ದೇಶವಲ್ಲ. ಕ್ಯಾಂಪ್‌ಬೆಲ್ ಎಣಿಸಿದ 533 ಶಾಲೆಗಳ 6,641 ವಿದ್ಯಾರ್ಥಿಗಳಲ್ಲಿ ಬಾಲಕಿಯರು ಕೇವಲ 60. ಮರಳು ಅಗ್ಗವಾಗಿತ್ತು, ಅದರ ಮುಂದೆ ಕುಳಿತುಕೊಳ್ಳುವ ಹಕ್ಕು ಅಗ್ಗವಾಗಿರಲಿಲ್ಲ. ಪದ್ಧತಿಯ ಗುಣವನ್ನೂ ವ್ಯವಸ್ಥೆಯ ದೋಷವನ್ನೂ ಬೇರೆಬೇರೆಯಾಗಿಯೇ ತೂಗಬೇಕು.

ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಕನ್ನಡದ ಮನೆಗಳಲ್ಲಿ ವಿಜಯದಶಮಿಯಂದು ಮಗುವಿನ ಬೆರಳು ಹಿಡಿದು ತಟ್ಟೆಯ ಅಕ್ಕಿಯಲ್ಲಿ ಅಕ್ಷರ ಬರೆಯಿಸುವ ಸಂಪ್ರದಾಯವನ್ನು ನಾವು ಕಾಣುತ್ತೇವೆ. ತಿಂಗಳುಗಟ್ಟಲೆ ನಡೆಯುತ್ತಿದ್ದ ಅಭ್ಯಾಸದ ಮೊದಲ ಮೆಟ್ಟಿಲು ಇಲ್ಲಿ ಒಂದು ದಿನದ ವಿಧಿಯಾಗಿ ಉಳಿದಿದೆ. ಮರುದಿನವೇ ಮಗುವಿನ ಕೈಗೆ ಪೆನ್ಸಿಲು ಬರುತ್ತದೆ. ಸುತ್ತಲೂ ಬೇರೆ ಲಿಪಿಗಳಿರುವ ಊರಿನಲ್ಲಿ ಕನ್ನಡ ಅಕ್ಷರದ ಮೊದಲ ಅನುಭವವೇ ಕೈನೋವಾದರೆ, ಮಗು ಆ ಲಿಪಿಯನ್ನು ಬಿಟ್ಟುಬಿಡುವುದು ಸುಲಭ. ತಟ್ಟೆಯ ಅಕ್ಕಿಯನ್ನು ಹಬ್ಬ ಮುಗಿದೊಡನೆ ತೆಗೆದಿಡದೆ ಇನ್ನಷ್ಟು ದಿನ ಮಗುವಿನ ಮುಂದಿಟ್ಟರೆ, ಅದು ಕೇವಲ ಆಚರಣೆಯಾಗಿ ಉಳಿಯದೆ ಮತ್ತೆ ಶಿಕ್ಷಣವಾದೀತು.