ಕೂಡಿಸಿದ ಲೆಕ್ಕ, ವಿಂಗಡಿಸಿದ ಮಕ್ಕಳು

ಪೋಸ್ಟ್ ಸ್ವಲ್ಪ ಉದ್ದ ಇದೆ. ಟೀ ಲೋಟ ಹಿಡ್ಕೊಂಡು ಕೂತ್ಕೊಳ್ಳಿ.

ಕಳೆದ ಮೂರು ತಿಂಗಳಿಂದ ರಾತ್ರಿ ಹತ್ತು ಗಂಟೆ ಮೇಲೆ ನಾನು ಫೋನಲ್ಲಿ ಹೈಸ್ಕೂಲ್ ಗಣಿತ ಕಲೀತಿದ್ದೀನಿ. ನಗಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂವತ್ತೈದು ತಗೊಂಡು, ಇನ್ನು ಈ ಜನ್ಮಕ್ಕೆ ಸಾಕಪ್ಪ ಅಂತ ಕಲಾ ವಿಭಾಗ ಸೇರಿ ಬಿಎ ಮಾಡಿದವನು ನಾನು. ಹಗಲೆಲ್ಲ ಆಫೀಸಲ್ಲಿ ಕಡತ, ಟಪಾಲು, ವೇತನ ಬಿಲ್ಲು. ನಲವತ್ತು ದಾಟಿದ ಮೇಲೆ ಈ ಹುಚ್ಚು ಹತ್ತಿದ್ದು ಮಗಳ ಸ್ಕೂಲಿಂದ ಬಂದ ಒಂದು ಫಾರಂನಿಂದ.

ಮಗಳು ಸಿಬಿಎಸ್‌ಇ ಶಾಲೆಯಲ್ಲಿ ಒಂಬತ್ತನೇ ತರಗತಿ. 2020ರ ಪರೀಕ್ಷೆಯಿಂದ ಸಿಬಿಎಸ್‌ಇ ಹತ್ತನೇ ತರಗತಿಯ ಗಣಿತಕ್ಕೆ ಎರಡು ಪ್ರಶ್ನೆಪತ್ರಿಕೆ ಮಾಡಿದೆ. ಒಂದು 'ಸ್ಟ್ಯಾಂಡರ್ಡ್', ಇನ್ನೊಂದು 'ಬೇಸಿಕ್'. ಪಾಠ ಒಂದೇ, ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಬೇಸಿಕ್ ಬರೆದವರು ಮುಂದೆ ಹನ್ನೊಂದರಲ್ಲಿ ಗಣಿತ ತಗೊಳ್ಳೋ ಹಾಗಿಲ್ಲ ಅನ್ನೋದು ಮೊದಲಿನ ನಿಯಮ. ಆಮೇಲೆ ಅದು ಸಡಿಲ ಆಯ್ತು ಅನ್ನಿ. ನಮ್ಮ ಮನೆಗೆ ಬಂದ ಫಾರಂನಲ್ಲಿ 'ಬೇಸಿಕ್' ಅನ್ನೋ ಕಡೆ ಪೆನ್ಸಿಲಲ್ಲಿ ಟಿಕ್ ಮೊದಲೇ ಹಾಕಿತ್ತು. ಪೋಷಕರು ಸಹಿ ಮಾಡೋದು ಮಾತ್ರ ಬಾಕಿ. ಆ ತರಗತಿಯಲ್ಲಿ ಇನ್ನೂ ಆರು ಮಕ್ಕಳ ಫಾರಂನಲ್ಲಿ ಹೀಗೇ ಪೆನ್ಸಿಲ್ ಟಿಕ್ ಇತ್ತು. ಯಾರ್ಯಾರ ಮಕ್ಕಳು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಗಳು ಕೇಳಿದಳು, 'ಅಪ್ಪ, ನಿನಗೆ ಲೆಕ್ಕದಲ್ಲಿ ಎಷ್ಟು ಬಂದಿತ್ತು?' ಹೇಳಿದೆ. 'ಹಾಗಾದ್ರೆ ನಮ್ಮ ಮನೇಲೇ ಲೆಕ್ಕ ಇಲ್ಲ ಬಿಡು' ಅಂದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಖಾನ್ ಅಕಾಡೆಮಿ ಹೆಸರು ನಿಮಗೆ ಗೊತ್ತಿರುತ್ತೆ. ಸಲ್ಮಾನ್ ಖಾನ್ (ಸಿನಿಮಾದವರಲ್ಲ) 2004ರಲ್ಲಿ ದೂರದ ಊರಲ್ಲಿದ್ದ ತನ್ನ ಸೋದರ ಸಂಬಂಧಿ ಹುಡುಗಿಗೆ ಇಂಟರ್ನೆಟ್ಟಲ್ಲಿ ಲೆಕ್ಕ ಹೇಳಿಕೊಡೋಕೆ ಶುರು ಮಾಡಿ, ಅದು ಬೆಳೆದು 2008ರಲ್ಲಿ ಸಂಸ್ಥೆ ಆಯ್ತು. ಪುಕ್ಕಟೆ. ಅದರಲ್ಲಿ ಹುಡುಕುವಾಗ 'ಇಂಟಿಗ್ರೇಟೆಡ್ ಮ್ಯಾಥ್ 1, 2, 3' ಅಂತ ಕಂಡಿತು. ಇಂಟಿಗ್ರೇಟೆಡ್ ಅಂದ್ರೆ ಕೂಡಿಸಿದ್ದು. ಏನನ್ನ ಏನಕ್ಕೆ ಕೂಡಿಸಿದ್ದು? ನಮ್ಮಲ್ಲಿ ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ, ಸಂಖ್ಯಾಶಾಸ್ತ್ರ ಎಲ್ಲ ಒಂದೇ ಪುಸ್ತಕದಲ್ಲಿ ಇರುತ್ತೆ. ಅದಕ್ಕೆ ಹೆಸರೇ ಇಲ್ಲ, ಬರೀ ಗಣಿತ. ಅಮೆರಿಕದಲ್ಲಿ ಹಾಗಲ್ಲವಂತೆ. ಒಂದು ವರ್ಷ ಪೂರ್ತಿ ಬೀಜಗಣಿತ, ಮುಂದಿನ ವರ್ಷ ಪೂರ್ತಿ ರೇಖಾಗಣಿತ, ಅದರ ಮುಂದಿನ ವರ್ಷ ಮತ್ತೆ ಬೀಜಗಣಿತ. ಹೀಗೆ ಬೇರೆ ಬೇರೆ ಮಾಡಿದ್ದನ್ನ ಮತ್ತೆ ಕೂಡಿಸೋಕೆ ಅವರು ನೂರು ವರ್ಷದಿಂದ ಜಗಳ ಆಡ್ತಿದ್ದಾರೆ. ಆ ಜಗಳ ಓದ್ತಾ ಓದ್ತಾ ನನಗೆ ನನ್ನ ಮಗಳ ಪೆನ್ಸಿಲ್ ಟಿಕ್ಕಿನ ಇತಿಹಾಸ ಸಿಕ್ಕಿತು. ಅದನ್ನೇ ಹೇಳೋಕೆ ಹೊರಟಿದ್ದು.

ಮೊದಲು ಬೇರೆ ಆಗಿದ್ದು ಹೇಗೆ? ಯಾವ ಗಣಿತಜ್ಞನೂ ಕೂತು ಯೋಚಿಸಿ ಮಾಡಿದ್ದಲ್ಲ. ಹಾರ್ವರ್ಡ್ ಕಾಲೇಜು 1820ರಲ್ಲಿ ಪ್ರವೇಶಕ್ಕೆ ಬೀಜಗಣಿತ ಬೇಕು ಅಂದಿತು. ರೇಖಾಗಣಿತ ಬೇಕು ಅಂದಿದ್ದು ಆ ಶತಮಾನದ ನಡುವೆ. ಕಾಲೇಜು ಒಂದೊಂದನ್ನೇ ಕೆಳಕ್ಕೆ ತಳ್ಳಿದ ಹಾಗೆ ಹೈಸ್ಕೂಲು ಒಂದರ ಮೇಲೊಂದು ಪೇರಿಸಿಕೊಂಡಿತು. ಅಷ್ಟೇ. ಆಮೇಲೆ ಅದೇ ಶಾಸ್ತ್ರ ಆಯ್ತು. ಶುರು ಆಗಿದ್ದು ಯಾಕೆ ಅಂತ ಯಾರಿಗೂ ನೆನಪಿಲ್ಲ, ಬಿಡೋಕೆ ಮಾತ್ರ ಯಾರೂ ಒಪ್ಪಲ್ಲ. ಇಂಥವು ನಮಗೆ ಹೊಸದೇನಲ್ಲವಲ್ಲ.

1902ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಇ. ಎಚ್. ಮೂರ್ ಅನ್ನೋ ದೊಡ್ಡ ಗಣಿತಜ್ಞ ಅಮೆರಿಕನ್ ಗಣಿತ ಸಂಘದ ಅಧ್ಯಕ್ಷ ಭಾಷಣದಲ್ಲೇ ಈ ಗೋಡೆ ಒಡೀರಿ ಅಂದರು. ಬೀಜಗಣಿತ, ರೇಖಾಗಣಿತ, ಭೌತಶಾಸ್ತ್ರ ಒಂದಕ್ಕೊಂದು ಮುಟ್ಟಿಸಿಕೊಳ್ಳದ ಹಾಗೆ ಯಾಕೆ ಕೂತಿವೆ ಅನ್ನೋದು ಅವರ ಪ್ರಶ್ನೆ ('ಮುಟ್ಟಿಸಿಕೊಳ್ಳದ' ಅನ್ನೋ ಪದ ನನ್ನದು, ಮಾತಿನ ತಾತ್ಪರ್ಯ ಅವರದು). ಶಿಕಾಗೋದವರೇ ಆದ ಬ್ರೆಸ್ಲಿಕ್ ಕೂಡಿಸಿದ ಪಠ್ಯಪುಸ್ತಕಗಳನ್ನೂ ಬರೆದರು. ಅದಕ್ಕೆ ಬಂದ ಹೆಸರು 'ಸಾಮಾನ್ಯ ಗಣಿತ', ಜನರಲ್ ಮ್ಯಾಥಮ್ಯಾಟಿಕ್ಸ್.

ಈಗ ನೋಡಿ ಮಜಾ. ಅದೇ ಕಾಲಕ್ಕೆ ಹೈಸ್ಕೂಲಿಗೆ ಕೂಲಿಯವರ ಮಕ್ಕಳು, ವಲಸೆ ಬಂದವರ ಮಕ್ಕಳು ತುಂಬೋಕೆ ಶುರು ಆದರು. ಆಗ ಶಿಕ್ಷಣ ತಜ್ಞರಿಗೆ ಜ್ಞಾನೋದಯ ಆಯ್ತು, ಎಲ್ಲರಿಗೂ ಬೀಜಗಣಿತ ಯಾಕೆ ಅಂತ. ಕಿಲ್‌ಪ್ಯಾಟ್ರಿಕ್ ಅನ್ನೋ ಹೆಸರಾಂತ ಪ್ರೊಫೆಸರ್ 1920ರ ವರದಿಯಲ್ಲಿ ಇದನ್ನೇ ವಾದ ಮಾಡಿದರು. ಸಾಮಾನ್ಯ ಗಣಿತ ಅನ್ನೋದು ಬರಬರುತ್ತಾ ಬಡ್ಡಿ ಲೆಕ್ಕ, ಅಂಗಡಿ ಲೆಕ್ಕ ಆಯ್ತು, ಕಾಲೇಜಿಗೆ ಹೋಗದವರನ್ನ ಕೂರಿಸೋ ಕೋಣೆ ಆಯ್ತು. 1910ರ ಹೊತ್ತಿಗೆ ಹೈಸ್ಕೂಲ್ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೀಜಗಣಿತ ಓದ್ತಿದ್ರು. 1950ರ ದಶಕದ ನಡುವಿಗೆ ಅದು ಕಾಲು ಭಾಗಕ್ಕೆ ಇಳಿದಿತ್ತು. ಗೋಡೆ ಒಡೆಯೋಕೆ ಇಟ್ಟ ಹೆಸರೇ ಹೊಸ ಗೋಡೆಯ ಹೆಸರಾಯ್ತು. ಇದನ್ನ ಓದಿದ ದಿನ ನಾನು ಫೋನ್ ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದೆ.

ವಾಷಿಂಗ್ಟನ್ ನಗರದ ಕಥೆ ಇನ್ನೂ ನೇರ ಇದೆ. 1954ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಮಕ್ಕಳಿಗೊಂದು ಬಿಳಿ ಮಕ್ಕಳಿಗೊಂದು ಶಾಲೆ ಇರಕೂಡದು ಅಂತ ತೀರ್ಪು ಕೊಟ್ಟಿತು. ಎರಡೇ ವರ್ಷ. 1956ರಲ್ಲಿ ಆ ನಗರದ ಹೈಸ್ಕೂಲುಗಳಲ್ಲಿ 'ಟ್ರ್ಯಾಕ್' ಪದ್ಧತಿ ಬಂತು. ಒಂದೇ ಕಟ್ಟಡ, ಒಳಗೆ ನಾಲ್ಕು ದಾರಿ. ಆನರ್ಸ್, ರೆಗ್ಯುಲರ್, ಜನರಲ್, ಎಲ್ಲಕ್ಕಿಂತ ಕೆಳಗೆ ಬೇಸಿಕ್. ಹೌದು, ಬೇಸಿಕ್. ನಾಲ್ಕು ಅನ್ನೋ ಸಂಖ್ಯೆ ನೋಡಿದ ಕೂಡಲೇ ನಮ್ಮವರಿಗೆ ಏನು ನೆನಪಾಗುತ್ತೋ ನನಗೂ ಅದೇ ನೆನಪಾಯ್ತು.

ಇದರ ವಿರುದ್ಧ ನಿಂತವರಲ್ಲಿ ಇಬ್ಬರ ಹೆಸರು ನಾವು ತಿಳಿದಿರಬೇಕು. ಒಬ್ಬರು ಯುಫೀಮಿಯಾ ಹೇನ್ಸ್. 1943ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಅಮೆರಿಕನ್ ಮಹಿಳೆ. ನಲವತ್ತೇಳು ವರ್ಷ ಅದೇ ನಗರದ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವರು. ಆಮೇಲೆ ಶಿಕ್ಷಣ ಮಂಡಳಿ ಸೇರಿ, ಅದರ ಅಧ್ಯಕ್ಷರೂ ಆಗಿ, ಒಳಗಿಂದಲೇ ಈ ಪದ್ಧತಿಯನ್ನ ವಿರೋಧಿಸಿದರು. ಇನ್ನೊಬ್ಬರು ಜೂಲಿಯಸ್ ಹಾಬ್ಸನ್. ಇವರು ನಮ್ಮ ಪೈಕಿ ಕಣ್ರೀ, ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಸರ್ಕಾರಿ ನೌಕರ. ಅಂಕಿಅಂಶ ಅವರ ಕೆಲಸ. ಹಗಲು ಆಫೀಸು, ಉಳಿದ ಹೊತ್ತು ಹೋರಾಟ. ಭಾಷಣದ ಜೊತೆಗೆ ಲೆಕ್ಕವನ್ನೂ ಹಿಡಿದು ಕೋರ್ಟಿಗೆ ಹೋದರು. 1967ರ ಜೂನ್‌ನಲ್ಲಿ ನ್ಯಾಯಾಧೀಶ ಸ್ಕೆಲಿ ರೈಟ್ ಟ್ರ್ಯಾಕ್ ಪದ್ಧತಿಯನ್ನ ರದ್ದು ಮಾಡಿದರು. ಮಕ್ಕಳನ್ನ ವಿಂಗಡಿಸೋಕೆ ಬಳಸಿದ ಪರೀಕ್ಷೆಗಳೇ ಬಿಳಿಯ ಮಧ್ಯಮ ವರ್ಗದ ಮಕ್ಕಳನ್ನ ಅಳತೆಗೋಲು ಮಾಡಿಕೊಂಡು ಮಾಡಿದ್ದು, ಅದು ಕಪ್ಪು ಮಕ್ಕಳ ಶಕ್ತಿಯನ್ನ ಅಳೆಯಲ್ಲ ಅನ್ನೋದು ತೀರ್ಪಿನ ತಿರುಳು.

ಈಗ ನನ್ನ ಹೀರೋ ಹತ್ರ ಬರ್ತೀನಿ. ಬಾಬ್ ಮೋಸೆಸ್. 1935ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಗಣಿತದ ಮೇಷ್ಟ್ರು. 1961ರಲ್ಲಿ ಮಿಸಿಸಿಪ್ಪಿಗೆ ಹೋಗಿ ಕಪ್ಪು ರೈತರ ಹೆಸರು ಮತದಾರರ ಪಟ್ಟಿಗೆ ಸೇರಿಸೋ ಕೆಲಸ ಶುರು ಮಾಡಿದರು. ಅಲ್ಲಿ ವೋಟು ಬೇಕು ಅಂದ್ರೆ ರಾಜ್ಯದ ಸಂವಿಧಾನದ ಒಂದು ಕಲಂ ಬರೆದು ಅದರ ಅರ್ಥ ವಿವರಿಸಬೇಕಿತ್ತು. ಸರಿಯೋ ತಪ್ಪೋ ಹೇಳೋನು ಬಿಳಿಯ ಗುಮಾಸ್ತ. ಮೊದಲು ಶಾಲೆ ಕೊಡಲ್ಲ, ಆಮೇಲೆ ಓದಿಲ್ಲ ಅಂತ ವೋಟು ಕೊಡಲ್ಲ. ಮೋಸೆಸ್ ಏಟು ತಿಂದರು, ಜೈಲಿಗೆ ಹೋದರು. ಅವರ ಜೊತೆ ಓಡಾಡಿದ ಹರ್ಬರ್ಟ್ ಲೀ ಅನ್ನೋ ರೈತನನ್ನ ಆ ರಾಜ್ಯದ ಒಬ್ಬ ಶಾಸಕನೇ ಹಾಡಹಗಲೇ ಗುಂಡಿಟ್ಟು ಕೊಂದ. ಶಿಕ್ಷೆ ಆಗಲಿಲ್ಲ.

ಇಪ್ಪತ್ತು ವರ್ಷದ ಮೇಲೆ, 1982ರಲ್ಲಿ, ಮೋಸೆಸ್ ಮಸಾಚುಸೆಟ್ಸ್‌ನ ಕೇಂಬ್ರಿಡ್ಜ್ ಊರಲ್ಲಿದ್ದಾರೆ. ಮಗಳು ಎಂಟನೇ ತರಗತಿ. ಶಾಲೆಯಲ್ಲಿ ಅವಳಿಗೆ ಬೀಜಗಣಿತ ಇಲ್ಲ. ಮನೇಲಿ ಹೇಳಿಕೊಡೋಣ ಅಂದ್ರೆ, ಮನೇಲೊಂದು ಸ್ಕೂಲಲ್ಲೊಂದು ಎರಡೆರಡು ಲೆಕ್ಕ ನಾನು ಮಾಡಲ್ಲ ಅಂತ ಅವಳ ಹಟ. ಅವಳ ಟೀಚರಮ್ಮ 'ನೀವೇ ಕ್ಲಾಸಿಗೆ ಬನ್ನಿ' ಅಂದರು. ಮಗಳ ಜೊತೆ ಇನ್ನೂ ಮೂರು ಮಕ್ಕಳು. ಅಲ್ಲಿಂದ ಹುಟ್ಟಿದ್ದು 'ಆಲ್ಜೀಬ್ರಾ ಪ್ರಾಜೆಕ್ಟ್'. ಅವರ ವಾದ ಸರಳ. ಆಗ ಓದು ಬರಹ ಇಲ್ಲದವನಿಗೆ ವೋಟಿಲ್ಲ ಅಂದ ಹಾಗೆ, ಕಂಪ್ಯೂಟರ್ ಕಾಲದಲ್ಲಿ ಬೀಜಗಣಿತ ಇಲ್ಲದವನಿಗೆ ಪೌರತ್ವವೇ ಅರ್ಧ.

ಅವರು ಹೇಳಿಕೊಟ್ಟ ರೀತಿ ನಾನು ಮಗಳ ಮೇಲೆ ಪ್ರಯೋಗ ಮಾಡಿದೆ, ಅದಕ್ಕೇ ವಿವರವಾಗಿ ಬರೀತೀನಿ. ಒಬ್ಬ ಹುಡುಗ ಎಲ್ಲ ಸಂಖ್ಯೆಯನ್ನೂ 'ಎಷ್ಟು' ಅಂತ ಮಾತ್ರ ನೋಡ್ತಾನೆ ಅನ್ನೋದು ಮೋಸೆಸ್‌ಗೆ ಹೊಳೀತು. ಬೀಜಗಣಿತಕ್ಕೆ 'ಎಷ್ಟು' ಜೊತೆಗೆ 'ಯಾವ ಕಡೆ' ಅನ್ನೋದೂ ಬೇಕು. ಮಕ್ಕಳನ್ನ ಬಾಸ್ಟನ್ನಿನ ರೆಡ್ ಲೈನ್ ಮೆಟ್ರೋ ಹತ್ತಿಸಿದರು. ಬಂದು ಚಿತ್ರ ಬರೀರಿ. ಆಮೇಲೆ ನಿಮ್ಮ ಆಡುಮಾತಲ್ಲೇ ಹೇಳಿ. ಆಮೇಲೆ ಅದೇ ಮಾತನ್ನ ಬಿಗಿ ಮಾಡಿ, ಎಲ್ಲಿಂದ, ಎಲ್ಲಿಗೆ, ಯಾವ ಕಡೆ. ಕೊನೆಗೆ ಚಿಹ್ನೆ. ಕೇರಿಯ ಮಾತು ಮೊದಲು, ಪ್ಲಸ್ಸು ಮೈನಸ್ಸು ಕೊನೆಗೆ.

ನಮಗೆ ಮೆಟ್ರೋ ಎಲ್ಲಿ? ನಾನು ಮೈಸೂರು–ಬೆಂಗಳೂರು ಹಳೇ ರಸ್ತೆಯ ಬಸ್ಸು ತಗೊಂಡೆ. ಮಂಡ್ಯ ಸೊನ್ನೆ. ಬೆಂಗಳೂರು ಕಡೆ ಪ್ಲಸ್: ಮದ್ದೂರು 1, ಚನ್ನಪಟ್ಟಣ 2, ರಾಮನಗರ 3. ಮೈಸೂರು ಕಡೆ ಮೈನಸ್: ಶ್ರೀರಂಗಪಟ್ಟಣ −1, ಮೈಸೂರು −2. ಮೈಸೂರಲ್ಲಿ ಹತ್ತಿ ಮದ್ದೂರಲ್ಲಿ ಇಳಿದೆ. ಇಳಿದ ಜಾಗದಿಂದ ಹತ್ತಿದ ಜಾಗ ಕಳೀಬೇಕು. 1 − (−2). ಬೆರಳಲ್ಲಿ ಎಣಿಸಿ: ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು. ಮೂರು ಸ್ಟಾಪು, ಬೆಂಗಳೂರು ಕಡೆಗೆ. ಅಂದ್ರೆ +3.

ಮೈನಸ್ ಮೈನಸ್ ಪ್ಲಸ್ ಯಾಕಾಗುತ್ತೆ ಅಂತ ಎಂಟನೇ ತರಗತಿಯಲ್ಲಿ ಕೇಳಿದ್ದಕ್ಕೆ ನಮ್ಮ ಮೇಷ್ಟ್ರು (ಹೆಸರು ಬೇಡ, ಅವರೀಗ ಇಲ್ಲ) 'ನಿಮ್ಮಪ್ಪ ಲೆಕ್ಕ ಮಾಡಿದ್ನಾ, ನೀನು ಮಾಡೋಕೆ' ಅಂದಿದ್ದರು. ಮೂವತ್ತು ವರ್ಷ ಬೇಕಾಯ್ತು ಉತ್ತರ ಸಿಗೋಕೆ. ಮಂಡ್ಯದ ಬಸ್ ಸ್ಟ್ಯಾಂಡಲ್ಲೇ ಇತ್ತು ಅದು.

ಬಾಬಾಸಾಹೇಬರ ಶಾಲೆಯ ದಿನಗಳ ಆ ಪ್ರಸಂಗ ನಿಮಗೆಲ್ಲ ಗೊತ್ತು. ಎಲ್ಫಿನ್‌ಸ್ಟನ್ ಹೈಸ್ಕೂಲಲ್ಲಿ ಲೆಕ್ಕ ಬಿಡಿಸೋಕೆ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದಾಗ, ಅದರ ಹಿಂದೆ ಇಟ್ಟಿದ್ದ ಊಟದ ಡಬ್ಬಿ ಮೈಲಿಗೆ ಆಗುತ್ತೆ ಅಂತ ಸವರ್ಣ ಹುಡುಗರು ಓಡಿಹೋಗಿ ಎತ್ತಿಕೊಂಡರಂತೆ. ನಾವು ಇದನ್ನ ಹೇಳುವಾಗೆಲ್ಲ ಡಬ್ಬಿ ಬಗ್ಗೆ ಹೇಳ್ತೀವಿ. ಬೋರ್ಡಿನ ಮೇಲಿದ್ದ ಲೆಕ್ಕದ ಬಗ್ಗೆ ಯಾರೂ ಕೇಳಲ್ಲ.

ಕೂಡಿಸಿದ ಗಣಿತ ಆಮೇಲೆ ಏನಾಯ್ತು ಅಂದ್ರೆ, 1990ರ ದಶಕದಲ್ಲಿ ಮತ್ತೆ ಬಂತು, ಮತ್ತೆ ದೊಡ್ಡ ಜಗಳ. 2010ರ ರಾಷ್ಟ್ರೀಯ ಮಾನದಂಡಗಳು ಎರಡೂ ದಾರಿಯನ್ನ ಒಪ್ಪಿದವು. ಯೂಟಾ, ಉತ್ತರ ಕೆರೊಲಿನಾ ಥರದ ರಾಜ್ಯಗಳು ಕೂಡಿಸಿದ್ದನ್ನ ಹಿಡಿದವು. ಜಾರ್ಜಿಯಾ ಹಿಡಿದು ಆಮೇಲೆ ಹಿಂದೆ ಸರೀತು. ಬರೀ ಪುಸ್ತಕ ಕೂಡಿಸಿದ್ರೆ ಮಕ್ಕಳು ಕೂಡಲ್ಲ ಅನ್ನೋದಕ್ಕೆ ನಮ್ಮ ಪುಸ್ತಕವೇ ಸಾಕ್ಷಿ. ಅದು ಯಾವಾಗಲೂ ಕೂಡಿಯೇ ಇತ್ತು.

ಒಂದು ಮಾತಲ್ಲಿ ನಮ್ಮ ಗೆಳೆಯರಲ್ಲೇ ಭಿನ್ನಾಭಿಪ್ರಾಯ ಇದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2014ರಿಂದ ಸಮಾನತೆಗಾಗಿ ಅಂತ ಎಂಟನೇ ತರಗತಿಯ ಬೀಜಗಣಿತವನ್ನ ಎಲ್ಲರಿಗೂ ತೆಗೆದರು. ಉದ್ದೇಶ ಒಳ್ಳೇದೇ. ಆದ್ರೆ ಕಾಸಿದ್ದವರು ಹೊರಗೆ ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಿ ಮುಂದೆ ಹೋದರು. 2024ರಲ್ಲಿ ನಗರದ ಜನ ಭಾರೀ ಬಹುಮತದಿಂದ ವಾಪಸ್ ತನ್ನಿ ಅಂತ ವೋಟು ಹಾಕಿದರು. ಕೆಲವು ಗೆಳೆಯರು ಅದನ್ನ ಮೇಲ್ವರ್ಗದವರ ಗೆಲುವು ಅಂತಾರೆ. ನಾನು ಒಪ್ಪಲ್ಲ. ಮೋಸೆಸ್ ಕೇಳಿದ್ದು ಎಲ್ಲರಿಗೂ ಕೊಡಿ ಅಂತ, ಎಲ್ಲರಿಂದ ಕಿತ್ತುಕೊಳ್ಳಿ ಅಂತಲ್ಲ. 2021ರಲ್ಲಿ ತೀರಿಕೊಳ್ಳೋವರೆಗೂ ಅವರ ಹಟ ಅದೇ ಇತ್ತು. ಇನ್ನು ಆನ್‌ಲೈನ್ ಬಗ್ಗೆ ಭ್ರಮೆ ಬೇಡ. ಲಾಕ್‌ಡೌನ್‌ನಲ್ಲಿ ಒಂದೇ ಫೋನಿಗೆ ನಮ್ಮನೆ ಮೂವರು ಮಕ್ಕಳು ಹೊಡೆದಾಡಿದ್ದು ಮರೆತಿಲ್ಲ. ನನಗೆ ಅದು ಒದಗಿದ್ದು ಒಂದೇ ಕಾರಣಕ್ಕೆ. ಹತ್ತು ಸಲ ತಪ್ಪು ಮಾಡಿದರೂ ಆ ಪರದೆ ನಮ್ಮಪ್ಪನ ಹೆಸರು ಎತ್ತಲ್ಲ.

ಸದ್ಯಕ್ಕೆ ಎರಡನೇ ಭಾಗದಲ್ಲಿದ್ದೀನಿ, ವರ್ಗಸಮೀಕರಣ. ಮಗಳು ನನಗಿಂತ ಎರಡು ಪಾಠ ಮುಂದಿದ್ದಾಳೆ.

ಫಾರಂ ಮೊನ್ನೆ ಶನಿವಾರ ಕೊಟ್ಟು ಬಂದೆ. ಪೆನ್ಸಿಲ್ ಟಿಕ್ ರಬ್ಬರಲ್ಲಿ ಒರೆಸಿ, ಸ್ಟ್ಯಾಂಡರ್ಡ್ ಮುಂದೆ ನೀಲಿ ಇಂಕಲ್ಲಿ ಟಿಕ್ ಹಾಕಿ ಸಹಿ ಮಾಡಿದೆ. 'ಕಷ್ಟ ಆಗುತ್ತೆ ಸಾರ್, ಯೋಚನೆ ಮಾಡಿ' ಅಂದರು. ಮಾಡಿದ್ದೀನಿ ಅಂದೆ. ಒಂದು ಜೆರಾಕ್ಸ್ ಪ್ರತಿ ಮುಂದಿಟ್ಟು ಸ್ವೀಕೃತಿ ಕೇಳಿದೆ. ಅದೆಲ್ಲ ನಮ್ಮಲ್ಲಿ ಇಲ್ಲ ಅಂದರು. ನಾನೂ ಗುಮಾಸ್ತ, ಸೀಲ್ ಇಲ್ಲದೆ ಎದ್ದು ಬರೋನಲ್ಲ. ಕಾಲು ಗಂಟೆ ಕೂತೆ. ಸೀಲ್ ಬಂತು, ದಿನಾಂಕದ ಸಮೇತ.

ಉಳಿದ ಆರು ಮನೆಯಲ್ಲಿ ನಾಲ್ಕು ಮನೆಗೆ ಹೋಗಿ ಬಂದಿದ್ದೀನಿ. ಇನ್ನೆರಡು ಬಾಕಿ. ನಿಮ್ಮ ಕಡೆ ಯಾರಿಗಾದ್ರೂ ಇಂಥ ಟಿಕ್ ಹಾಕಿದ ಫಾರಂ ಬಂದಿದ್ರೆ, ಸಹಿ ಹಾಕೋ ಮುಂಚೆ ನನಗೊಂದು ಮೆಸೇಜ್ ಹಾಕಿ.