ಗುಂಡಿಗೆ ಬೇಡ, ಬ್ಯಾಂಡೇಜಿಗೆ ಸರಿ

ತಟಸ್ಥ ದೇಶ ಯುದ್ಧನಿರತರಿಗೆ ದುಡ್ಡು ಕೊಡುವುದು ಹೇಗೆ? ಐರ್ಲೆಂಡಿನ ದಾರಿ ನೋಡಿ. 2022ರ ಫೆಬ್ರವರಿ 28ರಂದು ಐರೋಪ್ಯ ಒಕ್ಕೂಟ ಉಕ್ರೇನಿಗೆ 50 ಕೋಟಿ ಯೂರೋ ಮಂಜೂರು ಮಾಡಿತು, ಆದರೆ ಎರಡು ನಿರ್ಣಯಗಳಲ್ಲಿ: 45 ಕೋಟಿ ಶಸ್ತ್ರಾಸ್ತ್ರಕ್ಕೆ, 5 ಕೋಟಿ ಇಂಧನ, ಪ್ರಥಮ ಚಿಕಿತ್ಸೆ, ರಕ್ಷಾಕವಚಗಳಂಥವಕ್ಕೆ. ಮೊದಲನೆಯದಕ್ಕೆ ಐರ್ಲೆಂಡ್, ಆಸ್ಟ್ರಿಯಾ, ಮಾಲ್ಟಾ ಅಡ್ಡಗಾಲು ಹಾಕಲಿಲ್ಲ, ಕೈಯನ್ನೂ ಎತ್ತಲಿಲ್ಲ. ಹಾಗಂತ ದುಡ್ಡೇನೂ ಉಳಿಯಲಿಲ್ಲ. ಅಲ್ಲಿ ಬಿಟ್ಟ ಪಾಲನ್ನು ಇನ್ನೊಂದು ಬಾಬ್ತಿಗೆ ಹೆಚ್ಚುವರಿಯಾಗಿ ತುಂಬಬೇಕೆಂಬುದು ನಿಯಮ.

ನಮ್ಮ ಕೋಡಿಂಗ್ ಭಾಷೆಯಲ್ಲಿ ಇದು ಅಪ್ಪಟ ವರ್ಕ್‌ಅರೌಂಡ್! ನೀವು ಬ್ಯಾಂಡೇಜಿನ ಬಿಲ್ಲು ಕಟ್ಟಿದರೆ ಬೇರೆಯವರ ದುಡ್ಡು ಅಷ್ಟರಮಟ್ಟಿಗೆ ಫಿರಂಗಿಗೆ ಉಳಿಯುತ್ತದಲ್ಲ? ಉಳಿಯುತ್ತದೆ. ಆದರೂ ಗುಂಡಿನ ರಸೀದಿಯಲ್ಲಿ ಹೆಸರಿಲ್ಲದಿರುವುದು ಏನೂ ಅಲ್ಲ ಅಂತ ನಾನು ಹೇಳಲಾರೆ. ಅಲಿಪ್ತ ಭಾರತವೂ 1950ರಲ್ಲಿ ಕೊರಿಯಾಕ್ಕೆ ಹೋರಾಡುವ ಪಡೆ ಕಳಿಸದೆ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಪಡೆ ಕಳಿಸಿತ್ತು. 1951ರ ಮಾರ್ಚಿನಲ್ಲಿ ಅದರ ಕೆಲವರು ಅಮೆರಿಕದ ಪ್ಯಾರಾಚೂಟ್ ಸೈನಿಕರ ಜೊತೆಗೇ ವಿಮಾನದಿಂದ ಧುಮುಕಿದರು.