ಪಾದ್ರಿಯ ಮನೆಯವರು

ಹೋಳಿ ಹುಣ್ಣಿಮೆ ಕಳೆದ ಬಳಿಕ, ಬೆಣ್ಣಿಹಳ್ಳದ ದಂಡೆಯ ಮೇಲಿರುವ ನಮ್ಮ ಯಮನೂರಿನಲ್ಲಿ ರಾಜಾಬಾಗಸವಾರನ ಉರುಸು ನೆರೆಯುತ್ತದೆಂಬುದು ಧಾರವಾಡ ಸೀಮೆಯ ಕೇಳುಗರಿಗೆ ಹೊಸ ಸಂಗತಿಯಲ್ಲ. ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ಬಾಗಸವಾರನೆಂದೂ ಕರೆದು ಒಂದೇ ಗದ್ದುಗೆಗೆ ನಡೆದುಕೊಳ್ಳುವ ಸ್ಥಳವಿದು. ಹಳ್ಳದ ನೀರಿನಿಂದಲೇ ದೀಪ ಉರಿಯಿತೆಂಬ ಐತಿಹ್ಯವೂ ಇಲ್ಲಿಯದೇ. ಇಂಥ ಜಾತ್ರೆಗಳು 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳಿಗೆ ಉಪದೇಶದ ದೊಡ್ಡ ಕಣಗಳಾಗಿದ್ದವು. ಮಳೆಗಾಲ ಮುಗಿದು ಎರೆ ನೆಲ ಒಣಗಿ ಚಕ್ಕಡಿ ಸಾಗುವಂತಾದೊಡನೆ ಅವರು ಪುಸ್ತಕದ ಪೆಟ್ಟಿಗೆ, ಡೇರೆ, ಅಡಿಗೆಯ ಸಾಮಾನು ಹೇರಿಕೊಂಡು ಹೊರಡುತ್ತಿದ್ದರು. ವಾರಗಟ್ಟಲೆ ಊರಿಂದೂರಿಗೆ ಅಲೆದು, ಸಂತೆಯಲ್ಲಿ, ಗುಡಿಯ ಮುಂದೆ, ಜಾತ್ರೆಯ ಗದ್ದಲದಲ್ಲಿ ನಿಂತು, ಕನ್ನಡದಲ್ಲಿ ಮಾತಾಡಿ, ಕೆಲವೊಮ್ಮೆ ಬೈಸಿಕೊಂಡು, ಕೆಲವೊಮ್ಮೆ ವಾದ ಹೂಡಿ ಹಿಂದಿರುಗುತ್ತಿದ್ದರು.

ಈ ಸಂಚಾರಗಳ ವೃತ್ತಾಂತ ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಹೇರಳವಾಗಿದೆ. ಪಾದ್ರಿ ಚಕ್ಕಡಿ ಏರಿ ಹೋದ ಮೇಲೆ ಧಾರವಾಡದ ಮನೆಯಲ್ಲಿ ಉಳಿದವರು ಯಾರು, ಅವರು ಏನನ್ನುಂಡರು, ಮಗುವಿಗೆ ಜ್ವರ ಬಂದರೆ ಏನು ಮಾಡಿದರು ಎಂಬುದರ ಬಗೆಗೆ ವರದಿ ಬಹುಮಟ್ಟಿಗೆ ಮೌನ. ನಮ್ಮ ಸಾಹಿತ್ಯಚರಿತ್ರೆಗಳೂ ಅಷ್ಟೇ: ನಿಘಂಟಿನ ಮುಂದೆ, ಮುದ್ರಣಾಲಯದ ಮುಂದೆ ತಲೆಬಾಗುತ್ತವೆ, ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತವೆ. ಇಂದಿನ ಈ ಹದಿನೈದು ನಿಮಿಷಗಳಲ್ಲಿ ಆ ಹೊಸ್ತಿಲನ್ನು ದಾಟಿ ಒಳಗೆ ಹೋಗೋಣವೆಂದು ನನ್ನ ಆಸೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್ ಎಂಬುವರು, 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದುಗಿನ ಬೆಟಗೇರಿ ಹಾಗೂ ಮಲ್ಲಸಮುದ್ರ, 1851ರಲ್ಲಿ ಗುಳೇದಗುಡ್ಡ: ಹೀಗೆ ಬಯಲುಸೀಮೆಯ ಠಾಣೆಗಳು ಬೆಳೆದವು. ಬಂದವರಲ್ಲಿ ಹೆಚ್ಚಿನವರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಒಕ್ಕಲಿಗರ, ನೇಕಾರರ, ಕುಶಲಕರ್ಮಿಗಳ ಮಕ್ಕಳು. ಮೊಗ್ಲಿಂಗ್, ವೈಗ್ಲೆ, ಗುಂಡರ್ಟ್ ಅವರಂತೆ ಟ್ಯೂಬಿಂಗೆನ್ನಿನ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು ವಿರಳ. ಬ್ರಿಟಿಷ್ ಅಧಿಕಾರಿಗೂ ಇವರಿಗೂ ಚರ್ಮದ ಬಣ್ಣವೊಂದೇ. ಕಿಸೆಯ ತೂಕ ಬೇರೆ. ಇವರಿಗೆ ಸರಕಾರದ ಸಂಬಳವಿರಲಿಲ್ಲ. ಬಾಸೆಲಿನ ಕಮಿಟಿ ಗೊತ್ತುಮಾಡಿದ ಜೀವನವೆಚ್ಚವಷ್ಟೇ ಇವರ ಪಾಲು, ಅದಕ್ಕೂ ಕಾಸುಕಾಸಿನ ಲೆಕ್ಕ ಒಪ್ಪಿಸಬೇಕು.

ಆ ಹಣ ಎಲ್ಲಿಂದ ಬರುತ್ತಿತ್ತು? 1855ರಿಂದ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಊರುಗಳಲ್ಲಿ 'ಅರ್ಧ ಬಾಟ್ಸೆನ್' ಎಂಬ ವಂತಿಗೆಯ ಏರ್ಪಾಡು ಮೊದಲಾಯಿತು. ಬಾಟ್ಸೆನ್ ಎಂಬುದು ಅಲ್ಲಿಯ ಸಣ್ಣ ನಾಣ್ಯ. ಬಡ ಹೆಂಗಸರೂ ಕೂಲಿಕಾರರೂ ವಾರಕ್ಕೆ ಅದರ ಅರ್ಧದಷ್ಟನ್ನು ಕೊಡುತ್ತಿದ್ದರು. ವಸೂಲಿಗೆಂದು ಮನೆಮನೆಗೆ ತಿರುಗುವವರಿದ್ದರು. ಅಲ್ಲಿಯ ಬಡವರು ಹೀಗೆ ಕೂಡಿಸಿದ ಹಣದಲ್ಲಿ ಇಲ್ಲಿ ಒಂದು ಸಂಸಾರದ ಒಲೆ ಉರಿಯಬೇಕಾಗಿತ್ತು. ಪಾದ್ರಿಯ ಹೆಂಡತಿ ಒಂದು ಗಜ ಬಟ್ಟೆ ಕೊಳ್ಳುವಾಗಲೂ ಈ ಋಣದ ಭಾರ ಹೆಗಲ ಮೇಲಿರುತ್ತಿತ್ತು ಎಂದು ನಾನು ತಿಳಿಯುತ್ತೇನೆ.

ಇನ್ನು ಆ ಹೆಂಡತಿಯ ಮಾತು. ಬಾಸೆಲಿನ ನಿಯಮದಂತೆ ಪಾದ್ರಿ ಒಬ್ಬಂಟಿಗನಾಗಿಯೇ ಹಡಗು ಹತ್ತಬೇಕು. ಎರಡು ವರ್ಷ ಸೇವೆ ಸಲ್ಲಿಸಿ, ನುಡಿ ಕಲಿತು, ಯೋಗ್ಯನೆನಿಸಿದ ಮೇಲೆ ಮದುವೆಗೆ ಅನುಮತಿ ಬೇಡಿ ಕಮಿಟಿಗೆ ಅರ್ಜಿ ಹಾಕಬೇಕು. ಕನ್ಯೆಯನ್ನು ಒಪ್ಪುವ, ಬಿಡುವ ಅಧಿಕಾರವೂ ಕಮಿಟಿಯದೇ. ಅವಳ ಆರೋಗ್ಯ, ಭಕ್ತಿ, ಮನೆತನಗಳ ಬಗೆಗೆ ಅವಳ ಊರಿನ ಪಾದ್ರಿಯಿಂದ ವಿಚಾರಣೆ ನಡೆಯುತ್ತಿತ್ತು. ಎಷ್ಟೋ ಹೆಣ್ಣುಮಕ್ಕಳು ವರನ ಮುಖವನ್ನು ಒಮ್ಮೆಯೂ ಕಾಣದೆ, ಒಂದು ಕಾಗದದ ಬಲದ ಮೇಲೆ, ತಿಂಗಳುಗಟ್ಟಲೆ ಕಡಲ ಪಯಣ ಮಾಡಿ ಬಂದು, ಹಡಗಿನಿಂದ ಇಳಿದ ಕೆಲವೇ ದಿನಗಳಲ್ಲಿ ಹಸೆಗೆ ಏರಿದರು. ನಮ್ಮ ಹಳ್ಳಿಯ ಹಿರಿಯರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಾರದು, ಮುಖ ನೋಡದೆ ಮದುವೆಯಾದವರು ಇಲ್ಲಿಯೂ ಇದ್ದರು. ಆದರೆ ನಮ್ಮ ಹುಡುಗಿಗೆ ತವರು ಒಂದು ದಿನದ ಚಕ್ಕಡಿಯ ಹಾದಿ. ನಾಗರಪಂಚಮಿಗೆ ಕರೆಯಲು ಅಣ್ಣ ಬರುತ್ತಿದ್ದ. ಈಕೆಯ ಅಣ್ಣ ಬರುವಂತಿರಲಿಲ್ಲ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವವರೆಗೆ ತವರಿನ ಒಂದು ಕಾಗದಕ್ಕೆ ಉತ್ತರ ಬರೆದು, ಅದಕ್ಕೆ ಮರು ಉತ್ತರ ಕೈಸೇರುವಷ್ಟರಲ್ಲಿ ಋತುಗಳೇ ಬದಲಾಗುತ್ತಿದ್ದವು.

ಹೀಗೆ ಬಂದಿಳಿದವಳಿಗೆ ಎದುರಾದದ್ದು ಎಂಥ ಸೀಮೆ? ಕರಾವಳಿಯ ಠಾಣೆಯಾದರೆ ಹಡಗಿನ ಸಂಪರ್ಕವಾದರೂ ಇತ್ತು. ಧಾರವಾಡದ ಕಡೆಗೆ 1880ರ ದಶಕದಲ್ಲಿ ರೈಲು ಬರುವ ತನಕ ಸಾಮಾನೆಲ್ಲ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿ ಬರಬೇಕು. ಧಾರವಾಡದ ಹವೆ ಒಳ್ಳೆಯದು, ಅದನ್ನು ಒಪ್ಪಲೇಬೇಕು; ಆದರೆ ಮೂಡಲಿಗೆ ನಡೆದಷ್ಟೂ ಮರ ಕಡಿಮೆಯಾಗಿ, ಬಿಸಿಲು ಹೆಚ್ಚಾಗಿ, ನೀರು ಸವಳಾಗುತ್ತದೆ. ನವಲಗುಂದದ ಎರೆ ನೆಲದಲ್ಲಿ ಬಾವಿ ತೋಡಿದರೆ ಬಾಯಿಗೆ ಹಾಕಲಾಗದ ನೀರು. ಕುಡಿಯಲು ಕೆರೆಯೇ ಗತಿ. ಮಳೆಗಾಲದಲ್ಲಿ ಇದೇ ಎರೆ ಚಕ್ಕಡಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಈ ಕಡೆ ಊರು ಸೇರಿದ ಸಂಸಾರಕ್ಕೆ ವೈದ್ಯನೆಂದರೆ ಸ್ವತಃ ಪಾದ್ರಿಯೇ, ಔಷಧಶಾಲೆಯೆಂದರೆ ಬೀರುವಿನ ನಾಲ್ಕು ಸೀಸೆಗಳೇ. ಚಳಿಜ್ವರ, ಆಮಶಂಕೆ, ಕಾಲರಾ ಇವು ಪಾದ್ರಿಯ ಮನೆಯೆಂದು ಬಿಟ್ಟು ಹೋಗುತ್ತಿರಲಿಲ್ಲ.

ಉಣ್ಣುವುದಕ್ಕೆ ಈ ಸೀಮೆಯಲ್ಲಿ ಗೋದಿಗೆ ಕೊರತೆಯಿರಲಿಲ್ಲವಾದ್ದರಿಂದ ರೊಟ್ಟಿಯ ಚಿಂತೆ ಅರ್ಧ ಕಳೆದಂತೆ. ಅವರ ದೇಶದ ರೊಟ್ಟಿಗೆ ಹಿಟ್ಟು ಹುದುಗಬೇಕಲ್ಲ, ಅದಕ್ಕೆ ಈ ದೇಶದ ಬಿಳಿಯರ ಅಡಿಗೆಮನೆಗಳಲ್ಲಿ ಹೆಂಡವನ್ನು ಬಳಸುತ್ತಿದ್ದರು. ಹೆಂಡ ಕುಡಿಯಬೇಡಿರೆಂದು ಸಂತೆಯಲ್ಲಿ ಉಪದೇಶಿಸುವವರ ಜನಾಂಗದ ರೊಟ್ಟಿ ಹೆಂಡದಿಂದಲೇ ಉಬ್ಬುತ್ತಿತ್ತೆಂಬುದು ನಗು ತರಿಸುವ ಮಾತು. ಇರಲಿ.

ಈ ಹೆಂಗಸರು ಮನೆಯನ್ನಷ್ಟೇ ನಡೆಸಲಿಲ್ಲ. ಹೆಣ್ಣುಮಕ್ಕಳ ಶಾಲೆ, ಅನಾಥಾಲಯ, ಹೊಲಿಗೆ ಹೆಣಿಗೆಗಳ ಪಾಠ, ಬಾಣಂತಿಯರ ಆರೈಕೆ ಎಲ್ಲವೂ ಅವರ ಮೇಲೆಯೇ ಬಿದ್ದವು. ಹರ್ಮನ್ ಗುಂಡರ್ಟರ ಪತ್ನಿ ಜೂಲಿ ದ್ಯುಬ್ವಾ 1839ರಲ್ಲಿಯೇ ತಲಚೇರಿಯಲ್ಲಿ ಹೆಣ್ಣುಮಕ್ಕಳ ವಸತಿಶಾಲೆ ತೆರೆದರು. 1876-78ರ ಮಹಾಕ್ಷಾಮದಲ್ಲಿ ಬಯಲುಸೀಮೆಯ ಠಾಣೆಗಳಿಗೆ ಬಂದು ಬಿದ್ದ ಅನಾಥ ಮಕ್ಕಳಿಗೆ ಅಂಬಲಿ ಕಾಯಿಸಿದ ಕೈಗಳೂ ಇಂಥವೇ. ಇದಕ್ಕೆ ಪ್ರತ್ಯೇಕ ಗೌರವಧನವಿರಲಿಲ್ಲ. ವರದಿಯಲ್ಲಿ ಅವರ ಹೆಸರು ಗಂಡನ ಹೆಸರಿನ ಹಿಂದೆ ಅಡಗಿರುತ್ತಿತ್ತು.

ಅನ್ನ, ನೀರು, ಔಷಧ ಇವೆಲ್ಲ ಹೇಗೋ ಒದಗುತ್ತಿದ್ದವು. ಆ ಸಂಸಾರದ ಎಲ್ಲಕ್ಕಿಂತ ದೊಡ್ಡ ಅಗತ್ಯ ಬೇರೆಯೇ ಆಗಿತ್ತು; ಅದೊಂದನ್ನು ಮಾತ್ರ ಕಮಿಟಿ ಕೊಡಲಿಲ್ಲ. ಅದು ಮಕ್ಕಳನ್ನು ಜೊತೆಯಲ್ಲಿರಿಸಿಕೊಳ್ಳುವ ಅವಕಾಶ.

1850ರಿಂದ ಸಂಸ್ಥೆಯ ಸೂತ್ರ ಹಿಡಿದಿದ್ದ ಇನ್ಸ್‌ಪೆಕ್ಟರ್ ಯೋಸೆನ್‌ಹಾನ್ಸ್ ಬಲು ಶಿಸ್ತಿನ ಮನುಷ್ಯ. 1851-52ರಲ್ಲಿ ಅವರು ಹಿಂದುಸ್ಥಾನಕ್ಕೆ ಸ್ವತಃ ಬಂದು ಠಾಣೆಗಳನ್ನು ಕಣ್ಣಾರೆ ಕಂಡು ಹೋದರು. ಮರುವರ್ಷ, 1853ರಲ್ಲಿ, ಬಾಸೆಲಿನಲ್ಲಿ ಪಾದ್ರಿಗಳ ಮಕ್ಕಳಿಗಾಗಿ ಮಕ್ಕಳ ಮನೆಯೊಂದರ ಏರ್ಪಾಡಾಯಿತು. ಶಾಲೆಗೆ ಹೋಗುವ ವಯಸ್ಸಿನ, ಅಂದರೆ ಆರು ವರ್ಷದ ಆಸುಪಾಸಿನ, ಮಕ್ಕಳನ್ನು ಯುರೋಪಿಗೆ ಕಳಿಸಬೇಕೆಂಬ ಕಟ್ಟಳೆ ಜಾರಿಗೆ ಬಂದಿತು. ಕಾರಣಗಳು ತೋರಿಕೆಗೆ ಸರಿಯಾದವೇ. ಇಲ್ಲಿಯ ಹವೆ ಎಳೆಯ ಮೈಗೆ ಒಗ್ಗದು, ಇಲ್ಲಿ ಜರ್ಮನ್ ಶಾಲೆಯಿಲ್ಲ. ಇನ್ನೊಂದು ಕಾರಣವೂ ಇತ್ತು, ಅದೇ ನನಗೆ ಮುಖ್ಯವಾಗಿ ಕಾಣುವುದು. ಆಯಾಗಳ ತೊಡೆಯ ಮೇಲೆ ಬೆಳೆದ ಮಗು ಅವರ ಮಾತನ್ನಾಡುತ್ತದೆ, ಅವರ ಕತೆ ಕೇಳುತ್ತದೆ, ಅವರ ದೇವರುಗಳ ಹೆಸರು ಕಲಿಯುತ್ತದೆ ಎಂಬ ಭಯವದು.

ತಂದೆ ಕನ್ನಡ ಕಲಿತರೆ ಅದು ದೇವರ ಸೇವೆ. ಕಲಿಯದಿದ್ದರೆ ಮದುವೆಗೆ ಅನುಮತಿ ಸಿಗುವುದೂ ಕಷ್ಟ. ಮಗು ಅದೇ ಕನ್ನಡವನ್ನು, ತಂದೆಗೆ ಎಂದೂ ದಕ್ಕದ ಸರಾಗದಿಂದ, ಆಯಾಳ ಬಾಯಿಂದ ಕಲಿತರೆ ಅದು ಅಪಾಯ! ನಲವತ್ತು ವರ್ಷ ಕನ್ನಡವನ್ನೇ ಉಂಡು ಉಟ್ಟ ನನ್ನಂಥವನಿಗೆ ಈ ವೈಪರೀತ್ಯವನ್ನು ಕಂಡು ಸುಮ್ಮನಿರಲಾಗುವುದಿಲ್ಲ. ಈ ಸೀಮೆಯ ಮಾತನ್ನು ಮಾತೃಭಾಷೆಯಂತೆ ಆಡಬಲ್ಲ ಒಂದು ಪೀಳಿಗೆಯನ್ನೇ ಮಿಷನ್ ತನ್ನ ಕೈಯಾರೆ ಹಡಗು ಹತ್ತಿಸಿ ಕಳಿಸಿತು. ತಾಯಿಗೋ, ಗಂಡನ ಬಳಿ ಉಳಿಯಬೇಕೇ, ಮಕ್ಕಳ ಜೊತೆ ಹೋಗಬೇಕೇ ಎಂಬ ಪ್ರಶ್ನೆ. ಅದಕ್ಕೆ ಕಮಿಟಿಯ ಉತ್ತರ ಮೊದಲೇ ಸಿದ್ಧವಾಗಿತ್ತು: ಗಂಡನ ಬಳಿಯೇ. ಆರು ವರ್ಷದ ಮಗುವನ್ನು, ಊರಿಗೆ ಹೊರಟ ಬೇರೊಂದು ಪಾದ್ರಿ ದಂಪತಿಗಳ ಕೈಗೆ ಒಪ್ಪಿಸಿ, ಮುಂದೆ ಹತ್ತು ಹನ್ನೆರಡು ವರ್ಷ ಅದರ ಮುಖವನ್ನು ಚಿತ್ರಪಟದಲ್ಲಿ ಕಂಡ ತಾಯಂದಿರಿದ್ದರು.

ಕಟ್ಟಳೆ ಬರುವ ಮೊದಲೇ ಈ ಪದ್ಧತಿ ಬೇರೂರಿತ್ತು. ಗುಂಡರ್ಟರ ಮಗಳು ಮಾರೀ 1842ರಲ್ಲಿ ಕೇರಳದಲ್ಲಿ ಹುಟ್ಟಿದವಳು. ನಾಲ್ಕರ ಹರೆಯದಲ್ಲಿ ಯುರೋಪಿನಲ್ಲಿ ಉಳಿದ ಆಕೆ ತಂದೆತಾಯಿಗಳ ಬಳಿಗೆ ಹಿಂದಿರುಗಿದ್ದು 1857ರಲ್ಲಿ. ಈಕೆಯೇ ಮುಂದೆ, ಮಂಗಳೂರಿನಲ್ಲಿ ಕೆಲವು ಕಾಲ ಸೇವೆ ಮಾಡಿದ್ದ ಯೋಹಾನ್ನೆಸ್ ಹೆಸ್ಸೆಯನ್ನು ವರಿಸಿ, 'ಸಿದ್ಧಾರ್ಥ' ಕಾದಂಬರಿಯ ಕರ್ತೃ ಹರ್ಮನ್ ಹೆಸ್ಸೆಗೆ ತಾಯಿಯಾದವಳು.

ಇತ್ತ ನಮ್ಮವರ ಪಾಡನ್ನೂ ಮರೆಯುವಂತಿಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾದಾಗ ಅವರ ಪತ್ನಿ ಅವರೊಡನೆ ಬರಲಿಲ್ಲ. ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದ ಅವರು 1860ರಲ್ಲಿ ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ಮದುವೆಯಾದರು. ಮಿಷನ್ ಒಂದು ಕೈಯಿಂದ ಮನೆಯನ್ನು ಕಟ್ಟಿದರೆ, ಇನ್ನೊಂದು ಕೈಯಿಂದ, ಇಲ್ಲಿಯೂ ಅಲ್ಲಿಯೂ, ಮನೆಗಳನ್ನು ಒಡೆಯಿತು. ಈ ನೋವಿನಲ್ಲಿ ಬಿಳಿಯರು ಕರಿಯರೆಂಬ ಭೇದವಿರಲಿಲ್ಲ.

ಇನ್ನು ನಮ್ಮ ಕಿಟ್ಟೆಲ್ಲರು. 1832ರಲ್ಲಿ ಜರ್ಮನಿಯ ಬಡಗಣ ಕರಾವಳಿಯಲ್ಲಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದ ಅವರು, ಕನ್ನಡಿಗರಿಗೆ ಕನ್ನಡಿಗನಾಗಿಯೇ ಬಾಳಬೇಕೆಂದು ಹಟ ತೊಟ್ಟು, ಕಾಲ್ನಡಿಗೆಯಲ್ಲಿ ಹಳ್ಳಿ ತಿರುಗಿ ಮೇಲಿನವರ ಅಸಮಾಧಾನಕ್ಕೂ ಗುರಿಯಾದವರು. 1860ರಲ್ಲಿ ಪೌಲಿನೆ ಐತ್ ಅವರ ಕೈಹಿಡಿದರು. ನಾಲ್ಕೇ ವರ್ಷ, 1864ರಲ್ಲಿ ಪೌಲಿನೆ ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಅನಂತರ ಆಕೆಯ ತಂಗಿ ಜೂಲಿ ಅಕ್ಕನ ಸ್ಥಾನಕ್ಕೆ ಬಂದರು. ಅಕ್ಕ ಸತ್ತ ಮನೆಗೆ ತಂಗಿಯನ್ನು ಕೊಡುವ ರೂಢಿ ನಮ್ಮಲ್ಲಿಯೂ ಉಂಟಷ್ಟೆ. ಕಣ್ಣಿನ ಬೇನೆ ಹೆಚ್ಚಿ 1877ರಲ್ಲಿ ಕಿಟ್ಟೆಲ್ಲರು ಸಂಸಾರಸಮೇತ ಸ್ವದೇಶಕ್ಕೆ ಹೋದರು. ಅಲ್ಲಿಯೇ ನಿಂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ನಿಘಂಟು ಮುಗಿಯಬೇಕಿತ್ತು. ದಾಸರ ಹಾಡು, ವಚನ, ಗಾದೆ, ಒಕ್ಕಲಿಗನ ಮಾತು ಎಲ್ಲ ತಿಳಿದ ಪಂಡಿತರು ಇಲ್ಲಿದ್ದರು. 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಹಡಗು ಹತ್ತಿ ಬಂದರು. ಮರಳಿದ್ದು 1892ರಲ್ಲಿ. ಎಪ್ಪತ್ತು ಸಾವಿರದಷ್ಟು ಶಬ್ದಗಳ ಆ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದಿತು. ಅದರ ಬೆಲೆಯಲ್ಲಿ ಜೂಲಿಯವರು ಗಂಡನಿಲ್ಲದೆ ಮನೆ ನಡೆಸಿದ ಆ ಒಂಬತ್ತು ವರ್ಷಗಳೂ ಸೇರಿವೆ. ಎಂ.ಎ. ತರಗತಿಯಲ್ಲಿ ಆ ಹೊತ್ತಗೆಯನ್ನು ಮೇಜಿನ ಮೇಲಿಡುವಾಗಲೆಲ್ಲ ನಾನು ವಿದ್ಯಾರ್ಥಿಗಳಿಗೆ ಈ ಇಬ್ಬರು ಅಕ್ಕತಂಗಿಯರ ಹೆಸರನ್ನು ಹೇಳದೆ ಬಿಡುತ್ತಿರಲಿಲ್ಲ.

ಮೊಗ್ಲಿಂಗರದು ಇದಕ್ಕೆ ವಿರುದ್ಧವಾದ ನಡೆ. ಗೆಳೆಯ ವೈಗ್ಲೆ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡ ಮೇಲೆ ಅವನ ವಿಧವೆಯನ್ನು ಅವರು ಮದುವೆಯಾದರು. ಆಕೆಯ ಆರೋಗ್ಯ ಕೆಟ್ಟಾಗ, ಕಟ್ಟಿದ ಕೆಲಸವನ್ನೆಲ್ಲ ಬಿಟ್ಟು 1860ರಲ್ಲಿ ಆಕೆಯೊಡನೆ ಹೊರಟುಹೋದರು, ಮತ್ತೆ ಬರಲಿಲ್ಲ. ಕನ್ನಡಕ್ಕೆ ಅದರಿಂದ ನಷ್ಟವಾಯಿತೆಂದು ವಿದ್ವಾಂಸರು ಹೇಳುವುದುಂಟು. ನಷ್ಟವಾಯಿತು, ನಿಜ. ಆದರೂ ಇವರಿಬ್ಬರಲ್ಲಿ ಯಾರ ಆಯ್ಕೆ ಸರಿಯೆಂದು ತೂಗುವ ತಕ್ಕಡಿಯನ್ನು ಕೈಯಲ್ಲಿ ಹಿಡಿಯಲು ನಾನು ಸಿದ್ಧನಿಲ್ಲ.

ಈ ಸಂಸಾರಗಳ ಕತೆ ಮುಗಿಸಿದ್ದು ಕಮಿಟಿಯಲ್ಲ, ಯುದ್ಧ. 1914ರಲ್ಲಿ ಮೊದಲ ಮಹಾಯುದ್ಧ ಹೊತ್ತಿಕೊಂಡಾಗ ಜರ್ಮನ್ ಪಾದ್ರಿಗಳು ಒಂದೇ ರಾತ್ರಿಯಲ್ಲಿ ಶತ್ರುದೇಶದ ಪ್ರಜೆಗಳಾದರು. ಗಂಡಸರಲ್ಲಿ ಅನೇಕರನ್ನು ಅಹಮದ್‌ನಗರದ ಬಂದೀಶಿಬಿರಕ್ಕೆ ಸಾಗಿಸಲಾಯಿತು. 1915-16ರಲ್ಲಿ 'ಗೋಲ್ಕೊಂಡ' ಎಂಬ ಹಡಗು ಎರಡು ಸಲ ಹೊರಟು ಅವರನ್ನೂ ಅವರ ಹೆಂಡಿರು ಮಕ್ಕಳನ್ನೂ ಯುರೋಪಿಗೆ ಒಯ್ದಿತು. ಶಾಲೆಗಳನ್ನೂ ಗುಡಿಗಳನ್ನೂ ಇಲ್ಲಿಯ ಕ್ರೈಸ್ತರೂ ಉಳಿದ ಕೆಲವು ಸ್ವಿಸ್ ಜನರೂ ನೋಡಿಕೊಂಡರು. ಆ ಹಡಗಿನಲ್ಲಿದ್ದ ಮಕ್ಕಳಲ್ಲಿ ಆರು ತುಂಬದವರೂ ಇದ್ದರು. ಅವರು ಈ ಸಲ ತಾಯಿಯ ಜೊತೆಯಲ್ಲಿಯೇ ಹೋದರು.